ಸೂಜಿ ಹಾಕಿದ ಮರುದಿನ ಕರು ಎದ್ದು ಓಡಾಡ್ತು, ಆದ್ರೆ ಕಾಯಿಲೆ ಹೋಯ್ತಾ? 'ಡೆಕ್ಸಾ' ಕರುವಿನ ಮೈಯಲ್ಲಿ ಮಾಡೋದೇನು

ಕರು ಮೇವು ಬಿಟ್ಟಿತು, ಮೈ ಬಿಸಿಯಾಯ್ತು ಅಂದ್ರೆ ಹಳ್ಳಿಗಳಲ್ಲಿ ಮೊದಲು ಫೋನ್ ಹೋಗೋದು ಬೈಕಿನಲ್ಲಿ ಬ್ಯಾಗ್ ಹಾಕ್ಕೊಂಡು ಬರೋರಿಗೆ. ಅವರು ಎರಡು ಸೂಜಿ ಚುಚ್ಚಿ ಹೋಗ್ತಾರೆ. ಮರುದಿನ ಕರು ಎದ್ದು ಓಡಾಡುತ್ತೆ. 'ಕೈಗುಣ ಚೆನ್ನಾಗಿದೆ' ಅಂತ ಹೆಸರು ಬರುತ್ತೆ. ಆ ಸೂಜಿಯಲ್ಲಿ ಡೆಕ್ಸಾಮೆಥಾಸೋನ್ ಇದ್ದರೆ, ಚುರುಕು ಬಂದಿದ್ದು ಕೈಗುಣದಿಂದಲ್ಲ, ಸ್ಟಿರಾಯ್ಡ್‌ನಿಂದ.

ಡೆಕ್ಸಾ ಜ್ವರ, ಊತ, ನೋವನ್ನು ಬೇಗ ಇಳಿಸುತ್ತದೆ. ಅದಕ್ಕೇ ಕರು ಮತ್ತೆ ಮೇವಿಗೆ ಬಾಯಿ ಹಾಕುತ್ತದೆ. ಆದರೆ ರೋಗ ತಂದ ಕ್ರಿಮಿಯನ್ನು ಅದು ಕೊಲ್ಲುವುದಿಲ್ಲ.

ಸಕ್ಕರೆ ಲೆಕ್ಕ ಏರುಪೇರು

ಹಾಲು ಕುಡಿಯುವ ಎಳೆಗರುವಿನ ರಕ್ತದಲ್ಲಿ ಸಕ್ಕರೆ ಪ್ರತಿ 100 ಎಂಎಲ್‌ಗೆ 100 ಮಿಲಿಗ್ರಾಂ ಆಸುಪಾಸು ಇರುತ್ತದೆ. ಬೆಳೆದ ಹಸುವಿನಲ್ಲಿ ಇದು 45ರಿಂದ 75ಕ್ಕೆ ಇಳಿಯುತ್ತದೆ. ಈ ಸಕ್ಕರೆ ಮಾಂಸಖಂಡ ಮತ್ತು ಕೊಬ್ಬಿನೊಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಎಳೆಗರುವಿನ ಮೈ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಬೆಳವಣಿಗೆಗೆ ಅದೇ ಆಧಾರ.

ಡೆಕ್ಸಾ ಬಂದ ಮೇಲೆ ಈ ಮಾತು ನಡೆಯುವುದಿಲ್ಲ. ಸಂತೆ ಬೀದಿಗೆ ಲೋಡ್ ಲಾರಿ ಬಂದಿದೆ, ಅಂಗಡಿಗಳ ಶೆಟರ್ ಮಾತ್ರ ಅರ್ಧಕ್ಕೆ ಇಳಿದಿದೆ ಅಂದ್ಕೊಳ್ಳಿ. ಮಾಲು ಬೀದಿಯಲ್ಲೇ ಉಳಿಯುತ್ತೆ. ಹಾಗೇ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಶೆಟರ್ ಎತ್ತಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅತ್ತ ಪಿತ್ತಜನಕಾಂಗ (ಲಿವರ್) ಮಾಂಸಖಂಡದ ಪ್ರೋಟೀನ್ ಕರಗಿಸಿ ಹೊಸ ಸಕ್ಕರೆ ಮಾಡುತ್ತಲೇ ಇರುತ್ತದೆ.

ಒಂದು ಸಲದ ಸೂಜಿಯಾದರೆ ಕೆಲವು ದಿನಗಳಲ್ಲಿ ಇದು ಸರಿಹೋಗುತ್ತದೆ. ಮತ್ತೆ ಮತ್ತೆ ಹಾಕಿಸಿದರೆ ಕರು ತಿಂದಿದ್ದು ಮೈಗೆ ಹತ್ತುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಲಸಿಕೆ ಹಾಕಿಸುವ ಸಮಯದಲ್ಲಿ ಕೊಟ್ಟರೆ ಲಸಿಕೆಯ ಫಲವೂ ಕಡಿಮೆಯಾಗಬಹುದು.

ಹಂಗಂತ ಡೆಕ್ಸಾ ವಿಷವಲ್ಲ

ಕರು ಹಾಕಿದ ಹಸುವಿಗೆ ಸಕ್ಕರೆ ಕಡಿಮೆಯಾಗಿ ಕೀಟೋಸಿಸ್ ಬಂದಾಗ, ರಕ್ತದ ಸಕ್ಕರೆ ಏರಿಸುವ ಇದೇ ಗುಣ ಉಪಯೋಗಕ್ಕೆ ಬರುತ್ತದೆ. ತೀವ್ರ ಅಲರ್ಜಿ, ಕೀಲೂತಕ್ಕೂ ಪಶುವೈದ್ಯರು ಕೊಡುತ್ತಾರೆ. ಯಾವ ಕಾಯಿಲೆಗೆ, ಎಷ್ಟು ಎಂಎಲ್, ಎಷ್ಟು ದಿನ ಅನ್ನೋದೇ ಮುಖ್ಯ. ತಿಂಗಳು ತುಂಬುತ್ತಿರುವ ಗಬ್ಬದ ಹಸುವಿಗೆ ಕೊಟ್ಟರೆ ದಿನಕ್ಕೆ ಮುಂಚೆಯೇ ಕರು ಬೀಳಬಹುದು. ಹಾಲು ಕೊಡುವ ಹಸುವಿನಲ್ಲಿ ಹಾಲೂ ಇಳಿಯುತ್ತದೆ.

ರೈತರು ಮಾಡಬೇಕಾದ್ದು

ಸೂಜಿ ಹಾಕುವ ಮುಂಚೆ ಔಷಧಿಯ ಹೆಸರು ಕೇಳಿ, ಖಾಲಿ ಬಾಟಲಿ ಇಟ್ಟುಕೊಳ್ಳಿ. ಆಮೇಲೆ ಡಾಕ್ಟರ್ ಬಂದರೆ ತೋರಿಸಲು ಅದು ಬೇಕಾಗುತ್ತೆ. ಹಸು ಗಬ್ಬವಾಗಿದ್ದರೆ ಮೊದಲೇ ಹೇಳಿ. ಹಲವು ದಿನ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರನ್ನು ಕೇಳಿ. ಭೇದಿಯಾದ ಕರುವಿಗೆ ಮೊದಲು ಬೇಕಾಗಿರುವುದು ನೀರು, ಉಪ್ಪಿನಂಶ. ಸ್ಟಿರಾಯ್ಡ್ ಅಲ್ಲ.

ಡೆಕ್ಸಾ ಶೆಡ್ಯೂಲ್ ಎಚ್ ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನವರು ಕೊಡುವಂತಿಲ್ಲ. 'ಹೋದ್ಸಲ ತಗೊಂಡಿದ್ದೇ ಕೊಡಿ' ಅಂದ್ರೂ ಚೀಟಿ ಕೇಳಿ, ಕೌಂಟರ್‌ನಲ್ಲೇ ಒಂದು ಕರು ಉಳಿಯಬಹುದು.

ಮನೆ ಬಾಗಿಲಿಗೆ ಪಶು ಆಂಬುಲೆನ್ಸ್ ಬೇಕಾದರೆ 1962ಕ್ಕೆ ಕರೆ ಮಾಡಬಹುದು. ಕರೆ ಉಚಿತ.