ಬಿಗಿತದ ಮಿತಿ

ಮೋಟಾರ್ ಸೈಕಲ್ಲನ್ನು ಮನೆಯಲ್ಲಿಯೇ ದುರಸ್ತಿ ಮಾಡಬಯಸುವವರು ಮೊದಲು ಅರಿಯಬೇಕಾದುದು ಬಿಗಿತದ ಮಿತಿಯನ್ನು. ಚಕ್ರದ ನಟ್ಟು ಸಡಿಲವಾದರೆ ಸವಾರನ ಪ್ರಾಣಕ್ಕೇ ಸಂಚಕಾರ. ಎಂಜಿನ್ನಿನ ಬೋಲ್ಟನ್ನು ಅತಿಯಾಗಿ ಬಿಗಿದರೆ ಮೆದುವಾದ ಅಲ್ಯೂಮಿನಿಯಂ ಕವಚದೊಳಗಿನ ತಿರುಪಿನ ಎಳೆಗಳು ಕಿತ್ತುಹೋಗುತ್ತವೆ. ತಿರುಗಿಸುವ ಈ ಸಾಮರ್ಥ್ಯಕ್ಕೆ ಟಾರ್ಕ್ ಎಂದು ಹೆಸರು. ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಲಂಬವಾಗಿ 100 ನ್ಯೂಟನ್ ಬಲ ಹಾಕಿದರೆ 25 ನ್ಯೂಟನ್-ಮೀಟರ್ ಟಾರ್ಕ್ ಉಂಟಾಗುತ್ತದೆ. ಕೈಯ ಅಂದಾಜಿಗೆ ನಿಲುಕದ ಇದನ್ನು ಟಾರ್ಕ್ ವ್ರೆಂಚ್ ಅಳೆಯಬಲ್ಲದು. ಗೊತ್ತುಪಡಿಸಿದ ಮಿತಿ ಮುಟ್ಟಿದೊಡನೆ ‘ಟಕ್’ ಎಂದು ಎಚ್ಚರಿಸುವ ವ್ರೆಂಚುಗಳೂ ಉಂಟು. ವಾಹನದ ಕೈಪಿಡಿಯನ್ನು ನೋಡಿ, ಬೇಕಾದ ಟಾರ್ಕ್ ಯಾವುದರ ವ್ಯಾಪ್ತಿಯ ನಡುಭಾಗದಲ್ಲಿ ಬರುವುದೋ ಆ ವ್ರೆಂಚನ್ನೇ ಆರಿಸಬೇಕು. ಬೋಲ್ಟು ಕಳಚಲು ಸಾದಾ ಸ್ಪ್ಯಾನರ್ ಸಾಕು. ಕೈಬಲಕ್ಕಿಂತ ಮಿತಿಯ ಅರಿವೇ ನಿಜವಾದ ಕುಶಲಕರ್ಮಿಯ ಲಕ್ಷಣ.