ಅಪ್ಪನ ಎಂಟು ಊಟ

ನನ್ನ ಮೊಬೈಲ್‌ನಲ್ಲಿ ದಿನಕ್ಕೆ ಎಂಟು ಅಲಾರಾಂ. ಬೆಳಗ್ಗೆ 7ಕ್ಕೆ ಶುರುವಾದರೆ ಎರಡೆರಡು ಗಂಟೆಗೊಮ್ಮೆ, ರಾತ್ರಿ 9ರವರೆಗೆ. ಎಂಟೂ ಅಪ್ಪನ ಊಟದವು.

ಗದಗ ಕಡೆಯ ನಮ್ಮೂರಿನಿಂದ ಅಪ್ಪ ಕಳೆದ ಮಳೆಗಾಲದಲ್ಲಿ ಧನಕವಡಿಯ ನಮ್ಮ ಮನೆಗೆ ಬಂದರು. ಜಠರದ ಕ್ಯಾನ್ಸರ್. ಪುಣೆಯಲ್ಲೇ ಆಪರೇಷನ್ ಆಯಿತು. ಜಠರವನ್ನು ಪೂರ್ತಿ ತೆಗೆದು, ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿದರು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಆಹಾರದ ಬಗ್ಗೆ ಇದ್ದದ್ದು ಎರಡೇ ಪದ: ಸಾಫ್ಟ್ ಡಯಟ್. ನಾವೂ ಮುಂದೆ ಕೇಳಲಿಲ್ಲ. ಊರಿನ ಬಂಧುಗಳು ಫೋನಿನಲ್ಲಿ ಹೇಳಿದಂತೆ ಗಂಜಿ ಕುಡಿಸುತ್ತ ಹೋದೆವು.

ಒಂದು ಸಂಜೆ ಎದುರುಮನೆಯ ಮರಾಠಿ ಕಾಕೂ ಪ್ರೀತಿಯಿಂದ ಶಿರಾ ಮಾಡಿ ತಂದರು. ಅಪ್ಪ ಬಟ್ಟಲು ಖಾಲಿ ಮಾಡಿದಾಗ ನಮಗೆಲ್ಲ ಖುಷಿ. ಇಪ್ಪತ್ತು ನಿಮಿಷದಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ತಲೆಸುತ್ತು. ಹಾರ್ಟ್ ಅಟ್ಯಾಕೇ ಎಂದುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಹೃದಯಕ್ಕೇನೂ ಆಗಿರಲಿಲ್ಲ. ಆಹಾರವನ್ನು ತಡೆದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಕೆಳಗೆ ಬಿಡುವ ಜಠರವೇ ಇಲ್ಲದಾಗ, ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಹೀಗೆ ಮಾಡುತ್ತದಂತೆ. ಡಾಕ್ಟರು ಇದಕ್ಕೆ ‘ಡಂಪಿಂಗ್’ ಎನ್ನುತ್ತಾರೆ.

ಅಷ್ಟರಲ್ಲಿ ಕೀಮೋ ಶುರುವಾಗಿತ್ತು. ಮೂರು ವಾರಕ್ಕೊಮ್ಮೆ ಡ್ರಿಪ್, ನಡುವೆ ಹದಿನಾಲ್ಕು ದಿನ ಮಾತ್ರೆ. ಒಟ್ಟು ಎಂಟು ಸುತ್ತು. ಆಪರೇಷನ್‌ಗೆ ಮುಂಚೆ 64 ಕಿಲೋ ಇದ್ದ ಅಪ್ಪ ಮೂರನೇ ಸುತ್ತಿಗೆ ಹೋದಾಗ 54 ಇದ್ದರು. ಡಾಕ್ಟರು ಆ ಸುತ್ತನ್ನು ಒಂದು ವಾರ ಮುಂದೂಡಿ ಔಷಧದ ಪ್ರಮಾಣ ಕಡಿಮೆ ಮಾಡಿದರು. ತೂಕ ಇನ್ನೂ ಇಳಿದರೆ ಕೀಮೋ ನಿಲ್ಲಿಸಬೇಕಾದೀತು ಎಂದರು. ಊಟ ಮನೆಯವರ ಕೆಲಸ, ಚಿಕಿತ್ಸೆ ಆಸ್ಪತ್ರೆಯ ಕೆಲಸ ಎಂದುಕೊಂಡಿದ್ದ ನನಗೆ ಅವತ್ತು ಎರಡೂ ಒಂದೇ ಎಂದು ಹೊಳೆಯಿತು. 2013ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನವೂ ಇದನ್ನೇ ಹೇಳುತ್ತದೆ: ಆಪರೇಷನ್ ಆದ ತಿಂಗಳಲ್ಲಿ ಶೇ 15ರಷ್ಟೋ ಹೆಚ್ಚೋ ತೂಕ ಕಳೆದುಕೊಂಡವರಿಗೆ ಕೀಮೋ ಮಾತ್ರೆ ಮುಂದುವರಿಸುವುದು ಕಷ್ಟವಾಗಿತ್ತು.

ಆಮೇಲೆ ಡಯೆಟಿಷಿಯನ್ ಹತ್ತಿರ ಹೋಗಿ ಒಂದು ತಾಸು ಕೂತೆವು. ಮೊದಲೇ ಕೂರಬೇಕಿತ್ತು. ಗಂಜಿ ತೆಳ್ಳಗಾದಷ್ಟೂ ಅದರಲ್ಲಿ ಬರೀ ನೀರು ಎಂದು ಆಕೆ ನಕ್ಕರು. ಈಗ ಅನ್ನ ಮೆತ್ತಗೆ, ಹೆಸರುಬೇಳೆ ಗಟ್ಟಿ, ಮೇಲೆ ಚಮಚ ತುಪ್ಪ. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಒಂದೇ ಸಲಕ್ಕಲ್ಲ. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಮೊಸರು ಒಗ್ಗಿತು. ನೀರು ಊಟದ ಜೊತೆಗಿಲ್ಲ, ಅರ್ಧ ತಾಸು ಬಿಟ್ಟು. ಕೀಮೋ ಮಾತ್ರೆಯನ್ನು ಮಾತ್ರ ಊಟವಾದ ಅರ್ಧ ತಾಸಿನೊಳಗೆ ನುಂಗಬೇಕು, ಅದಕ್ಕೆ ಬೇಕಾದಷ್ಟು ನೀರು ಕುಡಿಯಬಹುದು. ಬಿಳಿ ರಕ್ತಕಣ ಇಳಿಯುವ ದಿನಗಳಲ್ಲಿ ಹಸಿ ಕೋಸಂಬರಿ, ಹೊರಗಿನ ಜ್ಯೂಸ್ ಬಂದ್. ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೂ ಕೈಬೆರಳು, ಗಂಟಲು ಜುಮುಜುಮು ಎನ್ನುತ್ತವೆ. ಪುಣೆಯ ಡಿಸೆಂಬರ್‌ನಲ್ಲಿ ಸ್ಟೀಲ್ ಲೋಟವೇ ಚುಚ್ಚುತ್ತಿತ್ತು. ಬಿ12 ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ. ಹೀಗಾಗಿ ಅದರ ಇಂಜೆಕ್ಷನ್ ಜೀವನಪೂರ್ತಿ ಬೇಕು.

ಎಲ್ಲಕ್ಕಿಂತ ಕಷ್ಟ ತಿನ್ನಿಸುವುದು. “ಹೊಟ್ಟೀನ ಇಲ್ಲ ಅಂದಮ್ಯಾಲೆ ಹಸಿವು ಎಲ್ಲಿಂದ ಬರಬೇಕೋ ತಮ್ಮಾ?” ಎನ್ನುತ್ತಿದ್ದರು ಅಪ್ಪ. ತಮಾಷೆಯಲ್ಲ, ಹಸಿವು ಹುಟ್ಟಿಸುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದಲ್ಲೇ. ಅದಕ್ಕೇ ಗಡಿಯಾರ ನೋಡಿ ಉಣ್ಣಬೇಕು. ಬಾಯಿ ರುಚಿಯೂ ಕೆಟ್ಟಿತ್ತು. ಕೊನೆಗೆ ಕೈ ಹಿಡಿದದ್ದು ಊರಿನಿಂದ ಅವ್ವ ಕಳಿಸಿದ ಶೇಂಗಾ ಹಿಂಡಿ. ಖಾರ ಕಡಿಮೆ ಹಾಕಿಸಿ, ಮೊಸರಲ್ಲಿ ಕಲಸಿ, ಬಿಸಿ ರೊಟ್ಟಿಯ ಮೆತ್ತನೆ ಭಾಗಕ್ಕೆ ಹಚ್ಚಿ ಕೊಟ್ಟರೆ ಪಾವು ರೊಟ್ಟಿ ತಿಂದರು. ಅದಕ್ಕೆ ಅರ್ಧ ತಾಸು ಹಿಡಿಯಿತು.

ಈಗ ಐದನೇ ಸುತ್ತು ಮುಗಿದಿದೆ, ತೂಕ 55. ಮೊನ್ನೆ ಮೀಟಿಂಗ್ ನಡುವೆ 11ರ ಅಲಾರಾಂ ಹೊಡೆಯಿತು. ಹೊರಗೆ ಬಂದು ಫೋನ್ ಮಾಡಿದೆ.

“ತಿಂದೀನೋ ತಮ್ಮಾ,” ಎಂದರು ಅಪ್ಪ. “ನೀ ನಾಷ್ಟಾ ಮಾಡೀಯೇನು?”