ತಾರೆಗಳ ಬಿರುಗಾಳಿ

ಪುಷ್ಯ ಮಾಘಮಾಸಗಳ ರಾತ್ರಿಯಲ್ಲಿ ಮಹಾವ್ಯಾಧನ ನಡುಪಟ್ಟಿಯಂತೆ ಸಾಲುಗೊಂಡಿರುವ ಮೂರು ನಕ್ಷತ್ರಗಳನ್ನು ಕಾಣದವರು ವಿರಳ. ಕಣ್ಣಿಗೆ ಅವು ನಿಶ್ಚಲವಾದ ಬೆಳಕಿನ ಬಿಂದುಗಳು; ವಸ್ತುತಃ ಸೂರ್ಯನಿಗಿಂತ ಅನೇಕ ಮಡಿ ಭಾರವಾದ ಮಹಾಜ್ವಾಲೆಗಳು. ಇವುಗಳಲ್ಲಿ ಪೂರ್ವದ ತುದಿಯದಾದ ಆಲ್ನಿಟಾಕದ ಮೇಲ್ಮೈಯ ಉಷ್ಣತೆ ಸುಮಾರು 30,000 ಡಿಗ್ರಿ; ಸೂರ್ಯನದು 5,500ರಷ್ಟು ಮಾತ್ರ.

ಇಂಥ ನಕ್ಷತ್ರವು ತನ್ನ ದ್ರವ್ಯವನ್ನು ತಾನೇ ಊದಿ ಚೆದರಿಸುತ್ತಿರುತ್ತದೆ. ಪ್ರಿನ್ಸ್‌ಟನ್ನಿನ ಡೊನಾಲ್ಡ್ ಮಾರ್ಟನ್ನರು ರಾಕೆಟ್ಟಿನ ಮೂಲಕ ಪಡೆದ ನೇರಿಳಾತೀತ ವರ್ಣಪಟಲಗಳನ್ನು 1967ರಲ್ಲಿ ಪ್ರಕಟಿಸಿದಾಗ, ಈ ತಾರೆಗಳಿಂದ ಅನಿಲವು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕ ಕಿಲೋಮೀಟರ್ ವೇಗದಲ್ಲಿ ಹೊರನುಗ್ಗುತ್ತಿರುವುದು ಸ್ಪಷ್ಟವಾಯಿತು.

ಈ ಗಾಳಿಯನ್ನು ಬೀಸುವುದು ಯಾವುದು? ಬೆಳಕೇ. ಬೆಳಕಿಗೂ ತಳ್ಳುವ ಬಲವುಂಟು. ಇಂಗಾಲ, ಸಾರಜನಕ, ಕಬ್ಬಿಣ ಮೊದಲಾದವುಗಳ ಅಯಾನುಗಳು ತಮತಮಗೆ ಒಪ್ಪುವ ಬಣ್ಣದ ಬೆಳಕನ್ನು ಹೀರಿ ಹೊರಕ್ಕೆ ನೂಕಲ್ಪಡುತ್ತವೆ. ಉಳಿದ ಅನಿಲವನ್ನೂ ಎಳೆದೊಯ್ಯುತ್ತವೆ. ಲೂಸಿ, ಸಾಲೊಮನ್ ಎಂಬವರು 1970ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು.

1978ರ ಅಂತ್ಯದಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯವು ಹೊಸ ಒಗಟನ್ನು ತಂದಿತು. ಈ ತಾರೆಗಳು ಕ್ಷ-ಕಿರಣಗಳನ್ನು ಸೂಸುತ್ತಿದ್ದವು. ಅವುಗಳ ಪ್ರಮಾಣ ಒಟ್ಟು ಬೆಳಕಿನ ಕೋಟಿಯಲ್ಲಿ ಒಂದು ಪಾಲಿನಷ್ಟು. ಆದರೆ ಅವು ಹುಟ್ಟಲು ದಶಲಕ್ಷಗಟ್ಟಲೆ ಡಿಗ್ರಿಗಳ ಉಷ್ಣತೆ ಬೇಕು. ಗಾಳಿಯ ಬುಡದಲ್ಲಿ ಸೂರ್ಯನಿಗಿರುವಂಥ ಕಿರೀಟವಿರಬಹುದೆಂದು ಕೆಲವರು ಊಹಿಸಿದರು. ಹಾಗಿದ್ದರೆ ಮೃದುವಾದ ಕ್ಷ-ಕಿರಣಗಳನ್ನು ದಟ್ಟವಾದ ಗಾಳಿಯೇ ನುಂಗಿಬಿಡಬೇಕಾಗಿತ್ತು. ಅವು ನಮ್ಮನ್ನು ತಲಪುತ್ತಿದ್ದುದರಿಂದ, ಅವುಗಳ ಹುಟ್ಟು ಗಾಳಿಯೊಳಗೇ ಇರಬೇಕು.

ಅದು ಹೇಗೆಂದರೆ, ನೆರೆಯ ಅನಿಲಕ್ಕಿಂತ ತುಸು ಬೇಗ ಸಾಗುವ ಭಾಗಕ್ಕೆ, ಹಿಂದಿನದು ಹೀರದೆ ಬಿಟ್ಟ ಬೆಳಕು ದೊರಕುತ್ತದೆ; ಅದು ಇನ್ನೂ ಬೇಗ ಸಾಗುತ್ತದೆ. ಹೀಗೆ ವೇಗದ ಅಲೆಗಳು ಮುಂದಿನ ನಿಧಾನದ ಅಲೆಗಳನ್ನು ಹಾಯುತ್ತವೆ. ಆ ಆಘಾತದಲ್ಲಿ ಅನಿಲವು ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರಲ್ಲಿ ಹಾರಿದ ಚಂದ್ರಾ ವೀಕ್ಷಣಾಲಯವು ಕಂಡ ಅಗಲವಾದ ವರ್ಣರೇಖೆಗಳು, ಆ ಬಿಸಿ ಅನಿಲವೂ ಗಾಳಿಯೊಡನೆ ಧಾವಿಸುತ್ತಿರುವುದಕ್ಕೆ ಸಾಕ್ಷಿಯಾದವು.

ಇದರ ಪ್ರಯೋಜನ ಕುತೂಹಲಕ್ಕೆ ಮಾತ್ರ ಸೀಮಿತವಲ್ಲ. ತಾರೆಯ ಆಚೆಬದಿಯ ಕಿರಣಗಳನ್ನು ಗಾಳಿಯು ಹೆಚ್ಚಾಗಿ ಹೀರುವುದರಿಂದ ರೇಖೆಗಳು ಒಂದು ಬದಿಗೆ ವಾಲುತ್ತವೆ. ಆ ವಾಲಿಕೆಯಿಂದಲೇ ಗಾಳಿಯ ತೂಕವನ್ನು ಅಳೆಯಬಹುದು. ನಷ್ಟವಾಗುವ ದ್ರವ್ಯವನ್ನು ಹಿಂದೆ ಅಧಿಕವಾಗಿ ಎಣಿಸಿದ್ದರೆಂಬುದು ಹಲವು ತಾರೆಗಳಲ್ಲಿ ಹೀಗೆ ತಿಳಿದುಬಂದಿದೆ. ತಾರೆಯು ಬದುಕಿನುದ್ದಕ್ಕೂ ಕಳೆದುಕೊಂಡು ಉಳಿಸಿಕೊಂಡ ಭಾರವೆಷ್ಟು ಎಂಬುದರ ಮೇಲೆಯೇ, ಕಡೆಯಲ್ಲಿ ಅದು ನ್ಯೂಟ್ರಾನ್ ತಾರೆಯಾಗುವುದೋ ಕಪ್ಪುಕುಳಿಯಾಗುವುದೋ ಎಂಬುದು ಬಹುಮಟ್ಟಿಗೆ ನಿಂತಿದೆ.